ತಲೆ ಎತ್ತಿ ನೋಡಿದರೆ ಇನ್ನೊಂದು ಎಂ.ಜಿ. ರಸ್ತೆ

ಹೋದ ಶನಿವಾರ ಟ್ರಿನಿಟಿಯಿಂದ ಎಂ.ಜಿ. ರಸ್ತೆಗೆ ಮೆಟ್ರೋದಲ್ಲಿ ಬರ್ತಿದ್ದೆ. ಎಡಗಡೆ ಕಿಟಕಿಯಲ್ಲಿ ನೋಡ್ತೀನಿ, ಕೆಳಗೆಲ್ಲ ಗಾಜಿನ ಶೋರೂಮುಗಳು, ಅವುಗಳ ತಲೆ ಮೇಲೆ ಮಸುಕು ಕಿಟಕಿ, ಹಳೇ ಫೈಲುಗಳ ಕಟ್ಟು, ಒಣಗಲು ಹಾಕಿದ ಟವೆಲ್ಲು, ಗಾಜಿಗೇ ಬರೆಸಿದ ವಕೀಲರ ಹೆಸರು! ಇಷ್ಟು ವರ್ಷ ಇಲ್ಲಿ ಓಡಾಡಿದ್ದೀನಿ, ತಲೆ ಎತ್ತಿ ನೋಡಿದ್ದೇ ಇಲ್ಲವಲ್ಲ ಅನ್ನಿಸಿತು.

ಈ ರಸ್ತೆಯ ಅಂಗಡಿಗಳು ಹೆಚ್ಚುಕಮ್ಮಿ ಒಂದೇ ಬದಿಗಿರೋದನ್ನ ನೀವೂ ಗಮನಿಸಿರಬಹುದು. ಕಾರಣ ಹಳೇ ಹೆಸರಲ್ಲೇ ಇದೆ: ಸೌತ್ ಪರೇಡ್. 1809ರಲ್ಲಿ ಬ್ರಿಟಿಷರು ಶ್ರೀರಂಗಪಟ್ಟಣದಿಂದ ತಮ್ಮ ದಂಡನ್ನು ತಂದು ಇಲ್ಲಿ ಕಂಟೋನ್ಮೆಂಟ್ ಕಟ್ಟಿದರು. ಉತ್ತರಕ್ಕೆ ಕವಾಯತಿನ ಮೈದಾನ, ಅದರ ದಕ್ಷಿಣಕ್ಕೆ ಈ ರಸ್ತೆ. 1948ರಲ್ಲಿ ಹೆಸರು ಮಹಾತ್ಮ ಗಾಂಧಿ ರಸ್ತೆ ಅಂತಾಯ್ತು, ಮೈದಾನ ಇವತ್ತಿಗೂ ಸೇನೆಯದೇ. ಹಾಗಾಗಿ ವ್ಯಾಪಾರ ಎದುರುಬದಿಗೆ ಹಬ್ಬೋ ಹಾಗಿರಲಿಲ್ಲ. ಹಿಂದಕ್ಕೆ ಚರ್ಚ್ ಸ್ಟ್ರೀಟಿನ ಕಡೆ ಹೋಗಬೇಕು, ಇಲ್ಲಾ ಮೇಲಕ್ಕೆ ಹತ್ತಬೇಕು. ಮೇಲಕ್ಕೆ ಹತ್ತಿದ್ದರ ಅತಿರೇಕ ನೋಡಬೇಕಂದ್ರೆ 25 ಅಂತಸ್ತಿನ ಯುಟಿಲಿಟಿ ಬಿಲ್ಡಿಂಗ್ ಇದೆಯಲ್ಲ!

ಕೆಳಗಿನ ಅಂತಸ್ತಿನಲ್ಲಿ ಯಾರೂ ಬಹಳ ದಿನ ಉಳಿಯಲ್ಲ. 1936ರ ಪ್ಲಾಜಾ ಚಿತ್ರಮಂದಿರ ಇದ್ದ ಜಾಗದಲ್ಲಿ ಈಗ ಮೆಟ್ರೋ ನಿಲ್ದಾಣ. 1957ರಲ್ಲಿ ಕಾಫಿ ಬೋರ್ಡು ಕಾಫಿ ಹೌಸ್‌ಗಳನ್ನು ಮುಚ್ಚತೊಡಗಿದಾಗ ಕೆಲಸಗಾರರೇ ಸಹಕಾರ ಸಂಘ ಕಟ್ಟಿ ಉಳಿಸಿಕೊಂಡರು. ಅಂಥ ಕಾಫಿ ಹೌಸೂ 2009ರಲ್ಲಿ ಈ ರಸ್ತೆ ಬಿಟ್ಟು ಚರ್ಚ್ ಸ್ಟ್ರೀಟಿಗೆ ಹೋಯ್ತು. ಚಿಕ್ಕವನಿದ್ದಾಗ ಅಪ್ಪನ ಜೊತೆ ಅಲ್ಲಿ ಕೂತಿದ್ದು, ರುಮಾಲು ಕಟ್ಟಿದ ಸರ್ವರ್ ನನ್ನನ್ನೂ 'ಸಾರ್' ಅಂದಿದ್ದು ಮಾತ್ರ ನೆನಪಿದೆ.

ಮಹಡಿಯವರ ಕಥೆ ಬೇರೆ. ಅವರಿಗೆ ಶೋಕೇಸು ಇಲ್ಲ, ಇರೋದು ಎರಡು ಅಂಗಡಿಗಳ ಸಂದಿಯಲ್ಲಿ ಒಂದು ಕತ್ತಲೆ ಮೆಟ್ಟಿಲು, ಅದರ ಬಾಯಲ್ಲಿ ತಗಡಿನ ಬೋರ್ಡು. ಅಂಗೈಯಗಲದ ಆ ಬೋರ್ಡೇ ಅವರ ಅಂಗಡಿಯ ಮುಖ. 2023ರ ಡಿಸೆಂಬರಿನಲ್ಲಿ ನಾಮಫಲಕದ ಹೋರಾಟ ನಡೆದು, 2024ರಲ್ಲಿ ಶೇ. 60ರಷ್ಟು ಕನ್ನಡ ಇರಬೇಕು ಅಂತ ಕಾನೂನಾದ ಮೇಲೆ ಕೆಳಗಿನ ದೊಡ್ಡ ಬೋರ್ಡುಗಳಲ್ಲಿ ಕನ್ನಡ ದಪ್ಪಗಾಯ್ತು. ನನಗಂತೂ ಖುಷಿಯೇ. ಆದರೆ ಕೆಲವು ಕಡೆ ಅದು ಇಂಗ್ಲಿಷ್ ಹೆಸರಿನ ಲಿಪ್ಯಂತರ ಅಷ್ಟೇ, ಅದೂ ಒತ್ತಕ್ಷರ ತಪ್ಪಿಸಿಕೊಂಡು.

ಇಷ್ಟೆಲ್ಲ ತಲೆಗೆ ಬಂದಿದ್ದು ಒಬ್ಬ ಟೈಲರ್‌ರಿಂದ. 2018ರಲ್ಲಿ ಕ್ಯಾಂಪಸ್ ಇಂಟರ್‌ವ್ಯೂಗೆ ನನ್ನ ಮೊದಲ ಫಾರ್ಮಲ್ ಪ್ಯಾಂಟು ಹೊಲಿದಿದ್ದು ಇದೇ ರಸ್ತೆಯ ಮೊದಲನೇ ಮಹಡಿಯಲ್ಲಿ. "ಕೆಲಸ ಸಿಕ್ಕಿದ್ ಮೇಲೆ ಸೊಂಟ ದೊಡ್ಡದಾಗುತ್ತೆ ಕಣಪ್ಪಾ, ಒಳಗೆ ಒಂದಿಂಚು ಬಟ್ಟೆ ಬಿಟ್ಟಿದ್ದೀನಿ" ಅಂದಿದ್ದರು. ಸೊಂಟ ದೊಡ್ಡದಾಗಿದೆ! ಮೆಟ್ರೋ ಇಳಿದವನೇ ಆ ಪ್ಯಾಂಟು ಹಿಡ್ಕೊಂಡು ಹೋದೆ. ಮೆಟ್ಟಿಲಿಗೆ ಶಟರ್ ಹಾಕಿತ್ತು. ಬೋರ್ಡು ಇದ್ದ ಕಡೆ ನಾಲ್ಕು ಮೊಳೆ ತೂತು. ಕೆಳಗಿನ ಶೋರೂಮಿನ ಹುಡುಗನನ್ನ ಕೇಳಿದರೆ, "ಮೇಲೆ ಅಂಗಡಿ ಇತ್ತಾ ಸಾರ್?" ಅಂದ.

ಪ್ಯಾಂಟು ಇನ್ನೂ ಬ್ಯಾಗಲ್ಲೇ ಇದೆ. ನೀವು ಹೀಗೆ ಮೆಟ್ಟಿಲು ಹತ್ತಿ ಹೋಗ್ತಿದ್ದ ಅಂಗಡಿ ಯಾವುದು? ಒಮ್ಮೆ ಹೋಗಿ ನೋಡ್ಕೊಂಡು ಬನ್ನಿ.