ಪೆಟ್ರೋಲ್ ಚಾಲಿತ ಚೈನ್‌ಸಾ: ಚಾಲನೆಯ ತೊಂದರೆ ನಿವಾರಣೆ ಹಾಗೂ ಕಾರ್ಬ್ಯುರೇಟರ್ ಹೊಂದಾಣಿಕೆ

ಏಪ್ರಿಲ್ ಮತ್ತು ಮೇ ತಿಂಗಳ ಗಾಳಿಮಳೆಗೆ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ ಹಾಗೂ ಕೆಂಗೇರಿ ಬಡಾವಣೆಗಳಲ್ಲಿ ಮರದ ಕೊಂಬೆಗಳು ಮುರಿದು ಬೀಳುವುದುಂಟು. ಬಹುಕಾಲ ಬಳಸದೆ ಇರಿಸಿದ ಕಡಿಮೆ ಬೆಲೆಯ ಚೈನ್‌ಸಾ ಆಗ ಚಾಲನೆಗೊಳ್ಳದಿದ್ದಲ್ಲಿ ಅದಕ್ಕೆ ಸಾಮಾನ್ಯ ಕಾರಣ ಹಳೆಯ ಇಂಧನ, ಮಲಿನವಾದ ಸ್ಪಾರ್ಕ್ ಪ್ಲಗ್ ಅಥವಾ ಕಟ್ಟಿಕೊಂಡ ಶೋಧಕ. ಇವುಗಳನ್ನು ಪರಿಶೀಲಿಸುವ ಮೊದಲು ಕಾರ್ಬ್ಯುರೇಟರ್‌ನ ತಿರುಪುಗಳನ್ನು ಮುಟ್ಟತಕ್ಕದ್ದಲ್ಲ.

1. ಅನುಮತಿ

ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ, 1976ರ ಮೇರೆಗೆ ಮರ ಕಡಿಯಲು ವೃಕ್ಷ ಅಧಿಕಾರಿಯ ಪೂರ್ವಾನುಮತಿ ಅಗತ್ಯ. ಸ್ವಂತ ನಿವೇಶನದ ಮರಕ್ಕೂ ಇದು ಅನ್ವಯಿಸುತ್ತದೆ. ವಿದ್ಯುತ್ ತಂತಿಗೆ ತಾಗಿದ ಕೊಂಬೆಯನ್ನು ಮುಟ್ಟದೆ ಬೆಸ್ಕಾಂ ಸಹಾಯವಾಣಿ 1912ಕ್ಕೆ ತಿಳಿಸುವುದು.

2. ಇಂಧನ

ಬಂಕ್‌ಗಳಲ್ಲಿ ದೊರೆಯುವ ಪೆಟ್ರೋಲ್‌ನಲ್ಲಿ ಈಗ ಶೇ. 20ರವರೆಗೆ ಎಥೆನಾಲ್ ಇರುತ್ತದೆ. ಇದು ತೇವವನ್ನು ಹೀರಿಕೊಳ್ಳುತ್ತದೆ. ಕಾರ್ಬ್ಯುರೇಟರ್‌ನೊಳಗಿನ ತೆಳುಪೊರೆಯನ್ನೂ ರಬ್ಬರ್ ಕೊಳವೆಗಳನ್ನೂ ಕೆಡಿಸಬಲ್ಲದು. ಆದುದರಿಂದ ಒಂದು ತಿಂಗಳು ಮೀರಿದ ಮಿಶ್ರಣವನ್ನು ಬಳಸಬಾರದು. ಕೆಲಸ ಮುಗಿದ ನಂತರ ಟ್ಯಾಂಕ್ ಬರಿದು ಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸುವುದು ಉತ್ತಮ. ಎರಡು ಸ್ಟ್ರೋಕ್ ಎಣ್ಣೆಯನ್ನು ಕೈಪಿಡಿಯಲ್ಲಿರುವಂತೆ ಬೆರೆಸತಕ್ಕದ್ದು: 25:1 ಎಂದಿದ್ದಲ್ಲಿ ಲೀಟರಿಗೆ 40 ಮಿ.ಲೀ., 50:1 ಎಂದಿದ್ದಲ್ಲಿ 20 ಮಿ.ಲೀ.

3. ಪ್ಲಗ್ ಹಾಗೂ ಶೋಧಕಗಳು

ಕೆಲವು ಬಾರಿ ಹಗ್ಗ ಎಳೆದ ಬಳಿಕ ಪ್ಲಗ್ ಬಿಚ್ಚಿ ನೋಡುವುದು.

ಅ) ಪ್ಲಗ್ ಒದ್ದೆಯಾಗಿದ್ದಲ್ಲಿ ಇಂಧನ ಹೆಚ್ಚಾಗಿದೆ. ಸ್ವಿಚ್ ಆರಿಸಿ, ಚೋಕ್ ತೆರೆದು, ಪ್ಲಗ್ ಇಲ್ಲದೆ ಹಲವು ಬಾರಿ ಹಗ್ಗ ಎಳೆಯುವುದು; ಪ್ಲಗ್ಗನ್ನು ಒರೆಸಿ, ಒಣಗಿಸಿ ಜೋಡಿಸುವುದು.
ಆ) ಒಣಗಿದ್ದಲ್ಲಿ ಇಂಧನ ತಲುಪುತ್ತಿಲ್ಲ. ಟ್ಯಾಂಕಿನೊಳಗಿನ ಶೋಧಕ, ಕೊಳವೆಯ ಬಿರುಕು ಹಾಗೂ ಟ್ಯಾಂಕಿನ ಗಾಳಿರಂಧ್ರವನ್ನು ಪರೀಕ್ಷಿಸುವುದು.
ಇ) ಪ್ಲಗ್ಗಿನ ಅಂತರ ಸಾಮಾನ್ಯವಾಗಿ 0.6ರಿಂದ 0.7 ಮಿ.ಮೀ. ಇರಬೇಕು. ಗಾಳಿ ಶೋಧಕ ಶುಚಿಯಾಗಿರಬೇಕು.

4. ಕಾರ್ಬ್ಯುರೇಟರ್ ಹೊಂದಾಣಿಕೆ

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿ ತೆಳುವಾಗಿರುವುದರಿಂದ ತಗ್ಗು ಪ್ರದೇಶದಲ್ಲಿ ಹೊಂದಿಸಿದ ಯಂತ್ರ ತುಸು ಹೆಚ್ಚು ಇಂಧನ ಸೇದುತ್ತದೆ. ಎಥೆನಾಲ್ ಇದಕ್ಕೆ ವಿರುದ್ಧವಾಗಿ ಮಿಶ್ರಣವನ್ನು ತೆಳುಗೊಳಿಸುತ್ತದೆ. ಆದಕಾರಣ ಯಂತ್ರದ ವರ್ತನೆಯನ್ನು ಗಮನಿಸಿಯೇ ಹೊಂದಿಸಬೇಕು.

ಅ) ಎಲ್ ಮತ್ತು ಎಚ್ ತಿರುಪುಗಳನ್ನು ಬಲಕ್ಕೆ ಮೃದುವಾಗಿ ಕೊನೆ ಮುಟ್ಟಿಸಿ, ಒಂದೊಂದು ಸುತ್ತು ಹಿಂದಕ್ಕೆ ತಿರುಗಿಸುವುದು. ಕೈಪಿಡಿಯಲ್ಲಿ ಬೇರೆ ಅಳತೆ ಇದ್ದಲ್ಲಿ ಅದನ್ನೇ ಪಾಲಿಸುವುದು.
ಆ) ಎಂಜಿನ್ ಬಿಸಿಯಾದ ಮೇಲೆ ಎಲ್ ತಿರುಪಿನಿಂದ ಅತ್ಯಧಿಕ ನಿಷ್ಕ್ರಿಯ ವೇಗ ಕಂಡುಕೊಂಡು, ಸ್ವಲ್ಪ ಎಡಕ್ಕೆ ತಿರುಗಿಸುವುದು. ಥ್ರಾಟಲ್ ಒತ್ತಿದಾಗ ಎಂಜಿನ್ ತಡವರಿಸಿದಲ್ಲಿ ಇನ್ನೂ ಕೊಂಚ ಎಡಕ್ಕೆ.
ಇ) ಟಿ ತಿರುಪನ್ನು ಎಡಕ್ಕೆ ತಿರುಗಿಸಿದರೆ ನಿಷ್ಕ್ರಿಯ ವೇಗ ತಗ್ಗುತ್ತದೆ. ಆ ವೇಗದಲ್ಲಿ ಸರಪಳಿ ಚಲಿಸಲೇಬಾರದು.
ಈ) ಭಾರವಿಲ್ಲದ ಪೂರ್ಣ ವೇಗದಲ್ಲಿ ಶಬ್ದ ತುಸು ಒಡೆದಂತಿದ್ದು, ಮರ ಕೊಯ್ಯುವಾಗ ಸ್ಪಷ್ಟವಾಗುವಂತೆ ಎಚ್ ತಿರುಪನ್ನು ಇರಿಸುವುದು. ಹೆಚ್ಚು ವೇಗಕ್ಕಾಗಿ ಬಲಕ್ಕೆ ಬಿಗಿದಲ್ಲಿ ಇಂಧನದೊಡನೆ ಎಣ್ಣೆಯೂ ಕಡಿಮೆಯಾಗಿ ಪಿಸ್ಟನ್ ಸಿಕ್ಕಿಕೊಳ್ಳುತ್ತದೆ.

5. ಸುರಕ್ಷತೆ

ಚಾಲನೆಗೊಳಿಸುವಾಗ ಯಂತ್ರವನ್ನು ನೆಲದ ಮೇಲಿರಿಸಿ, ಸರಪಳಿ ಬ್ರೇಕ್ ಹಾಕಿರತಕ್ಕದ್ದು. ಇಂಧನ ತುಂಬಿದ ಸ್ಥಳದಿಂದ ಕನಿಷ್ಠ 3 ಮೀಟರ್ ದೂರದಲ್ಲಿ ಚಾಲನೆಗೊಳಿಸುವುದು. ನಿಷ್ಕ್ರಿಯ ವೇಗದಲ್ಲಿ ಸರಪಳಿ ನಿಲ್ಲದಿದ್ದಲ್ಲಿ, ಎಂತಹ ತುರ್ತು ಇದ್ದರೂ ಯಂತ್ರವನ್ನು ಬಳಸದೆ ದುರಸ್ತಿಗೆ ನೀಡತಕ್ಕದ್ದು.