ಇಳಿವಯಸ್ಸಿಗೆ ಆದವಾನಿ: ಒಂದು ಚಾರಿತ್ರಿಕ ವಿಚಾರ

ನಮ್ಮ ಸೀಮೆಯಿಂದ ನೌಕರಿಯ ನಿಮಿತ್ತ ಬಳ್ಳಾರಿ, ಬೆಂಗಳೂರು, ಹೈದರಾಬಾದುಗಳಿಗೆ ಹೋದ ಕನ್ನಡಿಗರು ಅನೇಕರು. ಅವರು ನಿವೃತ್ತರಾಗುವ ಹೊತ್ತಿಗೆ ಮನೆಯಲ್ಲಿ ಒಂದು ಮಾತು ಏಳುತ್ತದೆ: ಉಳಿದ ಕಾಲವನ್ನು ಮಕ್ಕಳಿರುವ ಊರಿನಲ್ಲಿ ಕಳೆಯಬೇಕೋ, ಆದವಾನಿಗೆ ಹಿಂದಿರುಗಬೇಕೋ? ಖರ್ಚು, ಆಸ್ಪತ್ರೆ, ಬಿಸಿಲು ಇವುಗಳ ಲೆಕ್ಕವನ್ನು ಎಲ್ಲರೂ ಹಾಕುತ್ತಾರೆ. ಅದರೊಡನೆ ಚರಿತ್ರೆಯ ಲೆಕ್ಕವನ್ನೂ ಸೇರಿಸಿ ನೋಡುವುದು ಈ ಲೇಖನದ ಉದ್ದೇಶ. ಇಳಿವಯಸ್ಸಿಗೆ ಈ ಸೀಮೆಯನ್ನು ಆರಿಸಿಕೊಂಡವರಲ್ಲಿ ನಾವು ಮೊದಲಿಗರಲ್ಲ.

ಬಹುಕಾಲ ಕುಂಭಕೋಣದಲ್ಲಿ ಪೀಠಸ್ಥರಾಗಿದ್ದ ಶ್ರೀ ರಾಘವೇಂದ್ರ ಸ್ವಾಮಿಗಳು ತುಂಗಭದ್ರೆಯ ದಡದ ಮಂಚಾಲೆಯನ್ನು ಆರಿಸಿಕೊಂಡು 1671ರಲ್ಲಿ ಅಲ್ಲಿ ಬೃಂದಾವನಸ್ಥರಾದರು. ಆದವಾನಿಯ ಅಧಿಪತಿ ಸಿದ್ದಿ ಮಸೂದ್ ಖಾನನು ಫಲವತ್ತಾದ ಬೇರೆ ಭೂಮಿಯನ್ನು ಕೊಡುವೆನೆಂದರೂ ಗುರುಗಳು ಬರಡಾದ ಮಂಚಾಲೆಯನ್ನೇ ಕೇಳಿದರೆಂಬುದು ಮಠದ ಪ್ರತೀತಿ. ಅದೇ ಇಂದಿನ ಮಂತ್ರಾಲಯ.

ಆ ಮಸೂದ್ ಖಾನನೂ ವಿಶ್ರಾಂತಿಗಾಗಿ ಇಲ್ಲಿಗೇ ಬಂದನು. ಬಾಲಕ ಸಿಕಂದರ್ ಆದಿಲಶಹನ ಹೆಸರಿನಲ್ಲಿ ಬಿಜಾಪುರದ ಆಡಳಿತ ನಡೆಸಿ ಬೇಸತ್ತು, 1683ರಲ್ಲಿ ಆ ಹೊಣೆಯನ್ನು ಇಳಿಸಿ ಆದವಾನಿಗೆ ಹಿಂದಿರುಗಿದನು. ಆ ನೆಮ್ಮದಿ ಐದು ವರ್ಷಗಳಲ್ಲಿಯೇ ಮುಗಿಯಿತು. 1688ರಲ್ಲಿ ಔರಂಗಜೇಬನ ಸೇನೆ ಬಂದು ಕೋಟೆಯನ್ನು ವಶಪಡಿಸಿಕೊಂಡಿತು. ಅವನು ಕಟ್ಟಿಸಿದ ಜಾಮಿಯಾ ಮಸೀದಿ ಮಾತ್ರ ಇಂದಿಗೂ ಊರಿನಲ್ಲಿ ನಿಂತಿದೆ.

ಮೂರನೆಯವರು ವಿಜಯದಾಸರು. ಇಂದಿನ ರಾಯಚೂರು ಜಿಲ್ಲೆಯ ಚೀಕಲಪರವಿಯಲ್ಲಿ ಹುಟ್ಟಿದ ಅವರು, ಊರೂರು ತಿರುಗಿ ಹಾಡಿದ ಮೇಲೆ ಕೊನೆಯ ದಿನಗಳಿಗೆ ಆಲೂರಿನ ಕಡೆಯ ಚಿಪ್ಪಗಿರಿಯಲ್ಲಿ ನೆಲೆಸಿ, 1755ರಲ್ಲಿ ಅಲ್ಲಿಯೇ ದೇಹವನ್ನಿಟ್ಟರು. ಕೋಟೆಯಿಲ್ಲ, ಜಹಗೀರಿಲ್ಲ; ಶಿಷ್ಯರೂ ಹಾಡುಗಳೂ ಅವರ ಆಸ್ತಿ. ಅವರ ಆರಾಧನೆಗೆ ಗಡಿಯ ಆಚೆಯ ಕನ್ನಡಿಗರು ಇಂದಿಗೂ ಚಿಪ್ಪಗಿರಿಗೆ ಬರುತ್ತಾರೆ.

ಆದವಾನಿಯಾದರೋ ಸುಖವಾಗಿ ಕುಳಿತ ಊರಲ್ಲ. ವಿಜಯನಗರದ ದುರ್ಗವಾಗಿದ್ದ ಇದು ತಾಳಿಕೋಟೆಯ ಯುದ್ಧದ ತರುವಾಯ ಬಿಜಾಪುರಕ್ಕೆ, ಅನಂತರ ಮೊಗಲರಿಗೆ, ನಿಜಾಮರಿಗೆ ಸೇರಿತು. ನಿಜಾಮ ಅಲಿಯ ತಮ್ಮನಾದ ಬಸಾಲತ್ ಜಂಗನು ಇಲ್ಲಿಂದ ಆಳಿದನು. 1786ರಲ್ಲಿ ಟಿಪ್ಪು ಸುಲ್ತಾನನು ಮುತ್ತಿ ಗೆದ್ದನು. 1800ರಲ್ಲಿ ನಿಜಾಮನು ಇಂಗ್ಲಿಷರಿಗೆ ಬಿಟ್ಟುಕೊಟ್ಟ ದತ್ತ ಮಂಡಲದಲ್ಲಿ ಇದೂ ಸೇರಿ, ಮುಂದೆ ಬಳ್ಳಾರಿ ಜಿಲ್ಲೆಯ ತಾಲೂಕಾಯಿತು. 1876ರಲ್ಲಿ ಮೊದಲಾದ ಧಾತು ಸಂವತ್ಸರದ ಬರವು ಈ ಕಪ್ಪು ನೆಲವನ್ನು ಬರಿದುಮಾಡಿತು. ಹಾಗಿದ್ದರೂ ರಾಯಚೂರಿನ ರೈಲುಮಾರ್ಗವೂ ಹತ್ತಿಯ ವ್ಯಾಪಾರವೂ ಊರನ್ನು ಮತ್ತೆ ಎತ್ತಿ ನಿಲ್ಲಿಸಿದವು. ಅರಳೆಯ ಕಾರ್ಖಾನೆಗಳೂ ಎಣ್ಣೆಯ ಗಿರಣಿಗಳೂ ಬಂದವು.

ನಮ್ಮ ಹಿರಿಯರಿಗೆ ಬಿದ್ದ ದೊಡ್ಡ ಪೆಟ್ಟು 1953ರದು. ಆ ವರ್ಷ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆ ಒಡೆಯಿತು. ಬಳ್ಳಾರಿ, ಹೊಸಪೇಟೆ, ಸಿರುಗುಪ್ಪ ಮೊದಲಾದ ತಾಲೂಕುಗಳು ಮೈಸೂರಿಗೆ ಹೋದವು. ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರದಲ್ಲಿ ಉಳಿದವು. ಈ ಮೂರರಲ್ಲಿ ತೆಲುಗರೇ ಹೆಚ್ಚಿನವರಾಗಿದ್ದುದರಿಂದ ತೀರ್ಪು ಅನ್ಯಾಯವೆಂದು ನಾವು ಹೇಳಲಾರೆವು. ಆದರೆ ಬಳ್ಳಾರಿಯ ಕಚೇರಿಗೂ ಬೀಗರ ಮನೆಗೂ ಒಂದೇ ದಾರಿಯಲ್ಲಿ ಹೋಗಿಬರುತ್ತಿದ್ದವರಿಗೆ ನಡುವೆ ರಾಜ್ಯದ ಎಲ್ಲೆ ಬಿದ್ದಿತು. ಮನೆ ಇದ್ದಲ್ಲಿಯೇ ಇದ್ದಿತು. ಕಾಗದಪತ್ರದ ಭಾಷೆ ಬದಲಾಯಿತು.

ಈಗ ತಕ್ಕಡಿಯನ್ನು ಎತ್ತೋಣ. 2011ರ ಜನಗಣತಿಯಲ್ಲಿ ಒಂದು ಲಕ್ಷ ಅರುವತ್ತು ಸಾವಿರವನ್ನು ದಾಟಿದ ಈ ಊರು ಹಳ್ಳಿಯೂ ಅಲ್ಲ, ಮಹಾನಗರವೂ ಅಲ್ಲ. ಬೇಕಾದ ಸಾಮಾನು ಪೇಟೆಯಲ್ಲಿ ಸಿಕ್ಕುತ್ತದೆ, ರೈಲು ಇದೆ, ಗುರುವಾರ ಮಂತ್ರಾಲಯಕ್ಕೆ ಹೋಗಿ ಸಂಜೆಗೆ ಹಿಂದಿರುಗಬಹುದು. ಶ್ರಾವಣದಲ್ಲಿ ಉರುಕುಂದದ ಈರಣ್ಣನ ದರ್ಶನ, ಹೊಳಗುಂದ, ಕೌತಾಳಂ, ಕೋಸಿಗಿಗಳ ಕಡೆ ಸಂತೆಯಲ್ಲಿ ಕನ್ನಡದ ಮಾತು. ಇನ್ನೊಂದು ತಟ್ಟೆಯೂ ಹಗುರವಲ್ಲ. ವೈಶಾಖದ ಬಿಸಿಲು ಮುದುಕರಿಗೆ ಕಠಿಣ. ಬೇಸಿಗೆಯಲ್ಲಿ ನೀರಿಗೆ ತುಂಗಭದ್ರೆಯ ಕಾಲುವೆಯ ಕಡೆ ನೋಡಬೇಕು. ದೊಡ್ಡ ಕಾಯಿಲೆ ಬಂದರೆ ಬಳ್ಳಾರಿಗೋ ಕರ್ನೂಲಿಗೋ ಓಡಬೇಕು. ಜಮೀನಿನ ಪತ್ರ ತೆಲುಗಿನಲ್ಲಿರುವುದರಿಂದ ಓದಿಸಿಕೊಳ್ಳಲು ಮತ್ತೊಬ್ಬರು ಬೇಕು. ಒಂಟಿಯಾಗಿ ಉಳಿಯುವ ಹೆಂಗಸರಿಗೆ ಈ ತೊಡಕು ಇನ್ನೂ ಹೆಚ್ಚು. ಹೃದಯದ ಕಾಯಿಲೆಯುಳ್ಳವರು ಮಕ್ಕಳ ಊರನ್ನು ಬಿಟ್ಟು ಬರಲೆಂದು ನಾವು ಹೇಳುವುದಿಲ್ಲ.

ಆದರೆ ಮೇಲಿನ ಮೂವರ ಚರಿತ್ರೆಯನ್ನು ಮತ್ತೊಮ್ಮೆ ನೋಡಬೇಕು. ಕೋಟೆಯನ್ನು ನಂಬಿ ಬಂದವನಿಗೆ ಕೋಟೆ ನೆಮ್ಮದಿ ಕೊಡಲಿಲ್ಲ. ಬರಡು ಮಂಚಾಲೆಯೂ ಚಿಕ್ಕ ಚಿಪ್ಪಗಿರಿಯೂ ಬಂದವರಿಂದಲೇ ಹೆಸರಾದವು. ಅಂತಹ ಮಹನೀಯರೊಡನೆ ನಮ್ಮನ್ನು ಹೋಲಿಸಿಕೊಳ್ಳುವುದು ಸಲ್ಲದು. ಆದರೂ ಊರು ನಮಗೆ ಏನು ಕೊಡುತ್ತದೆ ಎಂಬುದರ ಜೊತೆಗೆ, ನಾವು ಅಲ್ಲಿ ಏನು ಮಾಡಬಲ್ಲೆವು ಎಂಬ ಪ್ರಶ್ನೆಯನ್ನು ಅವರಿಂದ ಕಲಿಯಬಹುದು. ಗಡಿಯ ಈ ಹಳ್ಳಿಗಳಲ್ಲಿ ಕನ್ನಡ ಮಾಧ್ಯಮದ ಶಾಲೆಗಳು ಇನ್ನೂ ಇವೆ. ಅಲ್ಲಿ ಮಕ್ಕಳು ಸೇರಿದರೆ ಶಾಲೆ ಉಳಿಯುತ್ತದೆ, ಸೇರದಿದ್ದರೆ ಬಾಗಿಲು ಮುಚ್ಚುತ್ತದೆ. ಮೂವತ್ತು ವರ್ಷ ಪಾಠ ಹೇಳಿದವರು, ಲೆಕ್ಕ ಬರೆದವರು, ಕಚೇರಿಯ ಕಾಗದ ಬಲ್ಲವರು ವಾರಕ್ಕೆ ಎರಡು ದಿನ ಅಲ್ಲಿ ಹೋಗಿ ಕುಳಿತರೆ ಅದು ಸಣ್ಣ ಕೆಲಸವಲ್ಲ.

ಆದುದರಿಂದ ಹಿಂದಿರುಗುವ ವಿಚಾರವುಳ್ಳವರು ಮೊದಲು ಒಂದು ಬೇಸಿಗೆಯನ್ನು ಇಲ್ಲಿ ಕಳೆದು ನೋಡಲಿ. ಬಿಸಿಲನ್ನು ತಾಳಿ, ಶಾಲೆಯ ದಾರಿಯನ್ನೂ ಕಂಡುಕೊಂಡವರು ಮನೆಯ ಬೀಗವನ್ನು ತೆಗೆಯಲಿ.