ಲೋಥಲ್‌ನ ಧಕ್ಕೆ ಮತ್ತು ಸರಿದುಹೋದ ಹೊಳೆ: ಒಂದು ಹರಪ್ಪ ಬಂದರಿನ ಮರುವಿಚಾರ

ಪೀಠಿಕೆ

ಅಹಮದಾಬಾದಿನ ನವರಂಗಪುರದಿಂದ ಸುಮಾರು 80 ಕಿಲೋಮೀಟರ್ ದೂರದ ಧೋಲ್ಕಾ ತಾಲ್ಲೂಕಿನಲ್ಲಿ, ಸರಗವಾಲಾ ಹಳ್ಳಿಯ ಹೊಲಗಳ ನಡುವೆ ಲೋಥಲ್ ದಿಬ್ಬವಿದೆ. ಖಂಭಾತ್ ಕೊಲ್ಲಿ ಇಲ್ಲಿಂದ ಎಷ್ಟೋ ದೂರ ಸರಿದಿದೆ. ಹೋದವರ ಕಣ್ಣಿಗೆ ಬೀಳುವುದು ಬಯಲು, ಇಟ್ಟಿಗೆಯ ಅಡಿಪಾಯಗಳು ಮತ್ತು ಒಂದು ದೊಡ್ಡ ಆಯತಾಕಾರದ ಕೊಳ. ಕ್ರಿ.ಪೂ. 2400ರ ಸುಮಾರಿಗೆ ಇದೊಂದು ಬಂದರು ಪಟ್ಟಣವಾಗಿತ್ತೆಂದು ಪ್ರತಿಪಾದಿಸಿದವರು ಕನ್ನಡಿಗ ಪುರಾತತ್ವಜ್ಞ ಶಿಕಾರಿಪುರ ರಂಗನಾಥ ರಾವ್ (1922–2013). ಆ ಕೊಳ ಹಡಗು ನಿಲ್ಲುವ ಧಕ್ಕೆಯೋ, ಬರಿಯ ಕೆರೆಯೋ ಎಂಬ ಚರ್ಚೆ ಅರ್ಧ ಶತಮಾನಕ್ಕೂ ಮಿಕ್ಕಿ ನಡೆದಿದೆ. ಲೋಥಲ್‌ನ ಬಂದರುತನವನ್ನು ಆ ಕೊಳವೊಂದರಿಂದಲೇ ನಿರ್ಧರಿಸಲಾಗದು, ಉಗ್ರಾಣ, ಮುದ್ರೆ ಮತ್ತು ಹಳೆಯ ನದೀಪಾತ್ರಗಳನ್ನು ಕೂಡಿಸಿ ಓದಬೇಕು ಎಂಬುದು ಈ ಲೇಖನದ ವಾದ.

ಉತ್ಖನನದ ಹಿನ್ನೆಲೆ

1947ರ ವಿಭಜನೆಯಲ್ಲಿ ಹರಪ್ಪ, ಮೊಹೆಂಜೊದಾರೊ ಎರಡೂ ಪಾಕಿಸ್ತಾನದ ಪಾಲಾದವು. ಆ ಸಂಸ್ಕೃತಿಯ ನೆಲೆಗಳನ್ನು ಭಾರತದ ಗಡಿಯೊಳಗೆ ಹುಡುಕುವ ಕೆಲಸವನ್ನು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ಕೈಗೆತ್ತಿಕೊಂಡಿತು. ರಾವ್ 1954ರಲ್ಲಿ ಲೋಥಲನ್ನು ಗುರುತಿಸಿದರು. 1955ರಿಂದ 1962ರವರೆಗಿನ ಕೆಲಸದ ವರದಿ ಎರಡು ಸಂಪುಟಗಳಲ್ಲಿ, 1979 ಮತ್ತು 1985ರಲ್ಲಿ, ಹೊರಬಂತು. ಇಲ್ಲಿನ ಇದ್ದಿಲಿನ ಕಾಲನಿರ್ಣಯ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ನಡೆಯಿತು.

ಕೊಳದ ವಿವಾದ

ಪಟ್ಟಣದ ಪೂರ್ವ ಅಂಚಿನ ಕೊಳ ಸುಮಾರು 215 ಮೀಟರ್ ಉದ್ದ, 36 ಮೀಟರ್ ಅಗಲವಿದೆ. ಗೋಡೆಗಳು ಸುಟ್ಟ ಇಟ್ಟಿಗೆಯವು, ನೇರವಾಗಿ ನಿಂತವು, ನೀರಿಗಿಳಿಯಲು ಮೆಟ್ಟಿಲುಗಳಿಲ್ಲ. ದಕ್ಷಿಣದ ಗೋಡೆಯಲ್ಲಿ ಹೆಚ್ಚುವರಿ ನೀರು ಹೊರಹೋಗುವ ಕೋಡಿಯಿದೆ. ಭರತದ ಹೊತ್ತಿಗೆ ದೋಣಿಗಳು ಒಳಬಂದು, ಇಳಿತದಲ್ಲೂ ತೇಲುವಷ್ಟು ನೀರನ್ನು ಕೋಡಿಯ ಬಳಿ ಹಲಗೆಯಿಂದ ತಡೆದಿಡಲಾಗುತ್ತಿತ್ತು ಎಂದು ರಾವ್ ವಿವರಿಸಿದರು. 1968ರಲ್ಲಿ ಲಾರೆನ್ಸ್ ಲೆಶ್ನಿಕ್ ಇದನ್ನು ಒಪ್ಪದೆ, ಅದು ನೀರು ಸಂಗ್ರಹಿಸುವ ಕೆರೆ ಎಂದು ವಾದಿಸಿದರು. 1988ರಲ್ಲಿ ಗೋವೆಯ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ರಾಜೀವ್ ನಿಗಮ್ ಕೊಳದ ಹೂಳಿನಲ್ಲಿ ಫೊರಾಮಿನಿಫೆರಾ ಎಂಬ ಸಮುದ್ರದ ಸೂಕ್ಷ್ಮಜೀವಿಗಳ ಚಿಪ್ಪುಗಳನ್ನು ಪ್ರಕಟಪಡಿಸಿದರು. ಉಪ್ಪುನೀರು ಇಲ್ಲಿಗೆ ಬಂದಿತ್ತೆಂಬುದಕ್ಕೆ ಅದು ಗಟ್ಟಿ ಆಧಾರ. ಆದರೆ ಹಡಗು ಬಂದಿತ್ತೆಂದು ಚಿಪ್ಪುಗಳಷ್ಟೇ ಹೇಳಲಾರವು. ಅದಕ್ಕೆ ಪಟ್ಟಣದೊಳಗಿನ ಸಾಕ್ಷ್ಯ ಬೇಕು.

ಉಗ್ರಾಣ ಮತ್ತು ಮುದ್ರೆ

ಕೊಳದ ಸಮೀಪದಲ್ಲೇ ಎತ್ತರದ ಜಗಲಿಯ ಮೇಲೆ ಉಗ್ರಾಣವಿತ್ತು. ಹಸಿ ಇಟ್ಟಿಗೆಯ 64 ಚೌಕ ದಿಮ್ಮೆಗಳಲ್ಲಿ 12 ಮಾತ್ರ ಉಳಿದಿವೆ. ಒಮ್ಮೆ ಅಲ್ಲಿ ಬೆಂಕಿ ಬಿದ್ದಿತ್ತು. ಸರಕಿನ ಕಟ್ಟುಗಳ ಮೇಲೆ ಒತ್ತಿದ್ದ ಜೇಡಿಮಣ್ಣಿನ ಮುದ್ರೆಗಳು ಆ ಬೆಂಕಿಯಲ್ಲೇ ಬೆಂದು ಉಳಿದುಕೊಂಡವು. ಅಂಥ 65 ಮುದ್ರೆಗಳು ದೊರೆತಿವೆ. ಒಂದು ಬದಿಯಲ್ಲಿ ಹರಪ್ಪ ಲಿಪಿ ಮತ್ತು ಪ್ರಾಣಿಚಿತ್ರ, ಇನ್ನೊಂದು ಬದಿಯಲ್ಲಿ ಚಾಪೆ, ಬಟ್ಟೆ, ಹುರಿಹಗ್ಗದ ಅಚ್ಚು. ಸರಕನ್ನು ಮೂಟೆ ಕಟ್ಟಿ, ಗುರುತು ಹಾಕಿ ದೂರಕ್ಕೆ ಕಳಿಸುವ ವ್ಯವಸ್ಥೆ ಇಲ್ಲಿತ್ತು ಎಂಬುದನ್ನು ಇವು ಸಂದೇಹವಿಲ್ಲದಂತೆ ತೋರಿಸುತ್ತವೆ. ದಿಬ್ಬದ ಮೇಲ್ಮೈಯಲ್ಲಿ ಸಿಕ್ಕ ದುಂಡನೆಯ ‘ಪರ್ಷಿಯನ್ ಕೊಲ್ಲಿ’ ಮಾದರಿಯ ಮುದ್ರೆಯನ್ನು ರಾವ್ 1963ರಲ್ಲಿ ಪ್ರಕಟಿಸಿದರು. ಬಹ್ರೇನ್, ಫೈಲಕಾ ದ್ವೀಪಗಳಲ್ಲಿ ಇದೇ ಬಗೆಯವು ದೊರೆತಿವೆ. ಮೆಲುಹ್ಹದ ಹಡಗುಗಳು ತನ್ನ ಕಟ್ಟೆಗೆ ಬಂದು ನಿಂತವೆಂದು ಅಕ್ಕಾಡಿನ ಅರಸು ಸಾರ್ಗೋನ್ ಹೇಳಿಕೊಂಡ ಕಾಲವೂ ಲೋಥಲ್‌ನ ಕಾಲಕ್ಕೆ ಹೊಂದುತ್ತದೆ. ಮೆಲುಹ್ಹ ಸಿಂಧೂ ನಾಡೆಂದು ಬಹುಪಾಲು ವಿದ್ವಾಂಸರು ಒಪ್ಪುತ್ತಾರೆ.

ಹೊಳೆಯ ಸಾಕ್ಷ್ಯ

2024ರಲ್ಲಿ ಗಾಂಧಿನಗರದ ಐಐಟಿ ಸಂಶೋಧಕರು ಉಪಗ್ರಹ ಚಿತ್ರಗಳ ನೆರವಿನಿಂದ ಸಾಬರಮತಿಯ ಹಳೆಯ ಪಾತ್ರವನ್ನು ಲೋಥಲ್ ಬಳಿಯಲ್ಲೇ ಗುರುತಿಸಿದರು. ಅಲ್ಲಿಂದ ನಳ ಸರೋವರ ಮತ್ತು ಕಿರಿಯ ರಣದ ಮೂಲಕ ಹರಪ್ಪ ನಗರವಾದ ಧೋಲಾವೀರದತ್ತ ಜಲಮಾರ್ಗವಿದ್ದಿರಬಹುದೆಂದೂ ಸೂಚಿಸಿದರು. ನದಿ ಪಥ ಬದಲಿಸಿದಾಗ, ಮತ್ತೆ ಮತ್ತೆ ನೆರೆ ಬಂದು ಹೂಳು ತುಂಬಿದಾಗ, ಬಂದರಿನ ಬದುಕೂ ಕುಂದಿತು. ಕ್ರಿ.ಪೂ. 1900ರ ಸುಮಾರಿನ ದೊಡ್ಡ ನೆರೆಯ ನಂತರ ಉಳಿದದ್ದು ಸಣ್ಣ ಹಳ್ಳಿ. ನೆನಪು ಮಾತ್ರ ಅಳಿಯಲಿಲ್ಲ: ಸುತ್ತಲಿನ ಜನ ಕಡಲ ದೇವತೆ ಸಿಕೋತರಿ ಮಾತೆಯನ್ನು ಪೂಜಿಸುತ್ತ ಬಂದಿದ್ದಾರೆ.

ಸಮಾರೋಪ

ಅಳಿವೆಯ ಒಳಗಿನ ಬಂದರು ಕನ್ನಡಿಗರಿಗೆ ಅಪರಿಚಿತವಲ್ಲ. ವಾರಾಹಿ ದಂಡೆಯ ಬಸ್ರೂರು, ಅಘನಾಶಿನಿ ಬದಿಯ ಮಿರ್ಜಾನ್ ಎರಡೂ ತೆರೆದ ಕಡಲಿನಿಂದ ಒಳಗೆ, ಭರತದ ನೀರು ಏರುವಲ್ಲಿ ಬೆಳೆದವು. ಅವುಗಳ ಚರಿತ್ರೆಯನ್ನು ಹೊಳೆಯಿಂದ ಬೇರ್ಪಡಿಸಿ ಬರೆಯಲಾಗದು. ಲೋಥಲ್‌ಗೂ ಅದೇ ನ್ಯಾಯ ಸಲ್ಲಬೇಕು. ಕೊಳ ಧಕ್ಕೆಯಾಗಿತ್ತೆಂಬ ರಾವ್ ಅವರ ಓದನ್ನು ಮುಂದಿನ ಶೋಧ ತಿದ್ದಬಹುದು. ಹಾಗಾದರೂ ಮುದ್ರೆ ಒತ್ತಿದ ಸರಕು, ಕೊಲ್ಲಿಯ ನಂಟು, ಊರಿನ ಬದಿಯ ನದಿ ಈ ಮೂರೂ ಸೇರಿ ಇದು ಬಂದರೆಂದೇ ಹೇಳುತ್ತವೆ. 2014ರಿಂದ ಯುನೆಸ್ಕೊದ ತಾತ್ಕಾಲಿಕ ಪಟ್ಟಿಯಲ್ಲಿರುವ ಈ ನೆಲೆಯ ಬಳಿ ರಾಷ್ಟ್ರೀಯ ಕಡಲ ಪರಂಪರೆಯ ಸಂಕೀರ್ಣ ಎದ್ದೇಳುತ್ತಿದೆ. ಸುತ್ತಲಿನ ಹೊಲಗಳಡಿಯ ಹಳೆಯ ನದೀಪಾತ್ರಗಳನ್ನೂ ಸ್ಮಾರಕದ ಭಾಗವೆಂದೇ ಗಣಿಸಿ, ಕಟ್ಟಡಗಳು ಮುಚ್ಚುವ ಮೊದಲು ಅಗೆದು, ಅಳೆದು ದಾಖಲಿಸಬೇಕು.